ದಿಲ್ಲಿಯ ಸುಲ್ತಾನ್ ರಜಿಯಾ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಮಹಾಪುರುಷರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದರು. ನಾನು ಕೈ ಎತ್ತುವಷ್ಟರಲ್ಲಿ ಗಾಂಧೀಜಿ, ಬಸವಣ್ಣ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಎಲ್ಲರನ್ನೂ ಬೇರೆಯವರು ಹಿಡಿದುಕೊಂಡುಬಿಟ್ಟಿದ್ದರು. ಬೇಜಾರಾಗಿ ಸಮಾಜ ಪುಸ್ತಕ ತಿರುವಿ ಹಾಕುತ್ತಾ ಕೂತಿದ್ದೆ. ದಿಲ್ಲಿ ಸುಲ್ತಾನರ ಪಾಠದಲ್ಲಿ ರಜಿಯಾ ಅನ್ನುವ ಹೆಸರು ಕಂಡಿತು. ಅವಳ ಬಗ್ಗೆ ಇದ್ದದ್ದು ಮೂರೇ ಮೂರು ಸಾಲು. ದಿಲ್ಲಿಯ ಸುಲ್ತಾನರಲ್ಲಿ ಅವಳೊಬ್ಬಳೇ ಹೆಂಗಸು, ಗಂಡಸರ ಉಡುಪು ಹಾಕುತ್ತಿದ್ದಳು, ಹೆಂಗಸು ಅಂತ ಸರದಾರರು ಒಪ್ಪದೆ ಇಳಿಸಿದರು. ಇಷ್ಟೇ. ಮಹಾಪುರುಷ ಅಂದರೆ ಹೆಂಗಸೂ ಆಗಬಹುದಾ ಸಾರ್ ಅಂತ ಕೇಳಿದೆ. ಮೇಷ್ಟ್ರು ನಕ್ಕು, ಆಗಬಹುದು ಬರಿ ಅಂದು, ತಮ್ಮ ಹತ್ತಿರ ಇದ್ದ ದಪ್ಪ ಪುಸ್ತಕ ಎರಡು ಕೊಟ್ಟರು. ಒಂದು ಹಾಳೆಯಲ್ಲಿ ಮುಗಿಸು ಅಂದಿದ್ದರು. ಮುಗಿಯಲಿಲ್ಲ. ಅದಕ್ಕೇ ಅಕ್ಷರ ಇಷ್ಟು ಸಣ್ಣದು, ಎಲ್ಲರೂ ಕ್ಷಮಿಸಬೇಕು.

ರಜಿಯಾಳ ಕಥೆ ಹೇಳಬೇಕಾದರೆ ಅವಳ ಅಪ್ಪನಿಂದ ಶುರು ಮಾಡಬೇಕು. ಅಪ್ಪನ ಹೆಸರು ಇಲ್ತುತ್‌ಮಿಶ್. ತುರ್ಕಿ ಪಂಗಡದವನು. ಚಿಕ್ಕವನಿದ್ದಾಗ ಮನೆಯವರೇ ಹೊಟ್ಟೆಕಿಚ್ಚಿನಿಂದ ಅವನನ್ನು ಗುಲಾಮರ ವ್ಯಾಪಾರಿಗೆ ಮಾರಿಬಿಟ್ಟರಂತೆ. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಕುತುಬುದ್ದೀನ್ ಐಬಕ್ ಅವನನ್ನು ದಿಲ್ಲಿಯಲ್ಲಿ ಕೊಂಡುಕೊಂಡ. ಗುಲಾಮ ಅಂದ ಕೂಡಲೇ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಜೀತದಾಳು ಅಂತ ತಿಳಿಯಬೇಡಿ. ನಾನೂ ಮೊದಲು ಹಾಗೇ ತಿಳಿದಿದ್ದೆ. ಆ ಕಾಲದ ಸುಲ್ತಾನರು ತುರ್ಕಿ ಹುಡುಗರನ್ನು ಕೊಂಡು ತಂದು ಕುದುರೆ ಸವಾರಿ, ಬಿಲ್ಲುಬಾಣ, ಓದುಬರಹ ಎಲ್ಲಾ ಕಲಿಸಿ ಸೈನ್ಯಕ್ಕೆ ಸೇರಿಸುತ್ತಿದ್ದರು. ಚುರುಕಾಗಿದ್ದವನು ಸರದಾರ ಆಗುತ್ತಿದ್ದ, ಒಂದು ಪ್ರಾಂತ್ಯವನ್ನೇ ಆಳುತ್ತಿದ್ದ. ಐಬಕ್ ಕೂಡ ಮೊದಲು ಘೋರಿಯ ಗುಲಾಮನೇ. ಇಲ್ತುತ್‌ಮಿಶ್ ಹೀಗೇ ಮೇಲೆ ಬಂದು ಐಬಕ್‌ನ ಅಳಿಯನಾದ, ಆಮೇಲೆ 1211ರಲ್ಲಿ ದಿಲ್ಲಿಯ ಸುಲ್ತಾನನೇ ಆದ. ನಾವು ಚಿತ್ರದಲ್ಲಿ ನೋಡುವ ಕುತುಬ್ ಮಿನಾರನ್ನು ಐಬಕ್ ಶುರು ಮಾಡಿಸಿದ್ದು, ಮೇಲಿನ ಅಂತಸ್ತುಗಳನ್ನು ಕಟ್ಟಿಸಿದ್ದು ಇವನು. ಟಂಕಾ ಅನ್ನುವ ಬೆಳ್ಳಿ ನಾಣ್ಯ, ಜಿತಲ್ ಅನ್ನುವ ಸಣ್ಣ ನಾಣ್ಯ ಚಲಾವಣೆಗೆ ತಂದವನೂ ಇವನೇ.

ಇಲ್ತುತ್‌ಮಿಶ್ ತಾನೂ ತುಂಬಾ ಜನ ತುರ್ಕಿ ಗುಲಾಮರನ್ನು ಕೊಂಡು ಬೆಳೆಸಿದ. ಅವರೆಲ್ಲಾ ಬಲಿತು ದೊಡ್ಡ ದೊಡ್ಡ ಅಮೀರರಾದರು. ಸುಮಾರು ನೂರು ವರ್ಷ ಆದ ಮೇಲೆ ಬರೆದ ಬರನಿ ಅನ್ನುವ ಇತಿಹಾಸಕಾರ ಅವರನ್ನು ನಲವತ್ತು ಮಂದಿಯ ಕೂಟ ಅಂತ ಕರೆದಿದ್ದಾನೆ. ಈ ಕೂಟವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಥೆಯಲ್ಲಿ ಮುಂದೆ ಬರುವುದೆಲ್ಲಾ ಇವರದೇ ಕೈಕೆಲಸ.

ಇಲ್ತುತ್‌ಮಿಶ್‌ಗೆ ಗಂಡು ಮಕ್ಕಳು ಸುಮಾರು ಜನ ಇದ್ದರು. ದೊಡ್ಡವನು ನಾಸಿರುದ್ದೀನ್ ಮಹಮೂದ್ ಬುದ್ಧಿವಂತ, ಶೂರ. ಆದರೆ ಅವನು ಬಂಗಾಳದಲ್ಲಿ 1229ರಲ್ಲಿ ತೀರಿಹೋದ. ಉಳಿದವರ ಮೇಲೆ ಅಪ್ಪನಿಗೆ ನಂಬಿಕೆ ಇರಲಿಲ್ಲ. 1231ರಲ್ಲಿ ಸುಲ್ತಾನ ಗ್ವಾಲಿಯರ್ ಕೋಟೆಗೆ ಮುತ್ತಿಗೆ ಹಾಕಲು ಹೊರಟ. ಆ ಕೋಟೆ ಬೀಳುವುದಕ್ಕೆ ಒಂದು ವರ್ಷದ ಹತ್ತಿರ ಹಿಡಿಯಿತು. ಅಷ್ಟು ದಿನ ದಿಲ್ಲಿಯನ್ನು ನೋಡಿಕೊಂಡವಳು ಮಗಳು ರಜಿಯಾ. ಬಂದು ನೋಡಿದರೆ ಎಲ್ಲಾ ಅಚ್ಚುಕಟ್ಟಾಗಿತ್ತು. ಸುಲ್ತಾನ ತನ್ನ ಲೆಕ್ಕಪತ್ರದ ಅಧಿಕಾರಿಯನ್ನು ಕರೆಸಿ, ನನ್ನ ನಂತರ ಗಾದಿ ರಜಿಯಾಳಿಗೆ ಅಂತ ಬರೆಸಿದ. ದರ್ಬಾರಿನವರು, ಬೆಳೆದ ಗಂಡು ಮಕ್ಕಳು ಇರುವಾಗ ಹೆಣ್ಣಿಗೆ ಯಾಕೆ ಅಂತ ಕೇಳಿದರು. ನನ್ನ ಮಕ್ಕಳಿಗೆ ಮೋಜು ಬಿಟ್ಟು ಬೇರೆ ಗೊತ್ತಿಲ್ಲ, ನಾನು ಸತ್ತ ಮೇಲೆ ನಿಮಗೇ ತಿಳಿಯುತ್ತದೆ ಅಂತ ಅವನು ಹೇಳಿದನಂತೆ.

1236ರ ಏಪ್ರಿಲ್‌ನಲ್ಲಿ ಇಲ್ತುತ್‌ಮಿಶ್ ತೀರಿಕೊಂಡ. ಅಮೀರರು ಬರೆಸಿದ್ದನ್ನು ಮೂಲೆಗೆ ಹಾಕಿ ಮಗ ರುಕ್ನುದ್ದೀನ್ ಫಿರೋಜ್‌ನನ್ನು ಗಾದಿಗೆ ಕೂರಿಸಿದರು. ಅವನು ಕೆಟ್ಟವನಲ್ಲ, ಕೈ ತುಂಬಾ ದೊಡ್ಡದು. ಆನೆ ಮೇಲೆ ಕೂತು ಬಜಾರಿನಲ್ಲಿ ಹೋಗುತ್ತಾ ಚಿನ್ನದ ಟಂಕಾಗಳನ್ನು ಜನರ ಮೇಲೆ ಎರಚುತ್ತಿದ್ದನಂತೆ. ಹಾಡು, ಕುಣಿತ, ಕುಡಿತ ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ರಾಜ್ಯಭಾರವೆಲ್ಲಾ ಅವನ ತಾಯಿ ಷಾ ತುರ್ಕಾನ್ ಕೈಗೆ ಹೋಯಿತು. ಅವಳು ಹಿಂದೆ ಅರಮನೆಯಲ್ಲಿ ದಾಸಿಯಾಗಿದ್ದವಳು, ಆಗ ತನ್ನನ್ನು ಕೀಳಾಗಿ ಕಂಡವರ ಮೇಲೆಲ್ಲಾ ಹಗೆ ತೀರಿಸಿಕೊಂಡಳು. ಇಲ್ತುತ್‌ಮಿಶ್‌ನ ಇನ್ನೊಬ್ಬ ಚಿಕ್ಕ ಮಗನ ಕಣ್ಣು ಕೀಳಿಸಿ ಕೊಲ್ಲಿಸಿದಳು. ಇದು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬದಾಯೂಂ, ಮುಲ್ತಾನ್, ಹಾನ್ಸಿ, ಲಾಹೋರ್ ಪ್ರಾಂತ್ಯಗಳ ಅಧಿಕಾರಿಗಳು ಒಟ್ಟಿಗೆ ದಂಗೆ ಎದ್ದರು. ವಜೀರ ಜುನೈದಿಯೂ ಅವರ ಕಡೆ ಸೇರಿಕೊಂಡ. ರುಕ್ನುದ್ದೀನ್ ಸೈನ್ಯ ತೆಗೆದುಕೊಂಡು ದಿಲ್ಲಿ ಬಿಟ್ಟು ಹೊರಗೆ ಹೋದ. ಆ ಹೊತ್ತಿಗೆ ಷಾ ತುರ್ಕಾನ್ ರಜಿಯಾಳನ್ನು ಮುಗಿಸಲು ಹೊಂಚು ಹಾಕಿದಳು. ರಜಿಯಾಗೆ ಸುಳಿವು ಸಿಕ್ಕಿತು. ಅವಳ ಹತ್ತಿರ ಸೈನ್ಯ ಇಲ್ಲ, ಹಣ ಇಲ್ಲ, ಅಮೀರರ ಬೆಂಬಲ ಇಲ್ಲ. ಅವಳು ಜನರ ಹತ್ತಿರ ಹೋದಳು.

ಈ ಸಂಗತಿ ಹೇಗೆ ನಡೆಯಿತು ಅಂತ ಇಬ್ನ್ ಬತೂತ ಬರೆದಿದ್ದಾನೆ. ಅವನು ಮೊರಾಕ್ಕೊ ದೇಶದ ಪ್ರವಾಸಿ, ದಿಲ್ಲಿಗೆ ಬಂದದ್ದು ನೂರು ವರ್ಷ ಆದ ಮೇಲೆ. ಅದರಿಂದ ಅವನು ಬರೆದದ್ದು ಜನರ ಬಾಯಲ್ಲಿ ಉಳಿದಿದ್ದ ಕಥೆ. ಇಲ್ತುತ್‌ಮಿಶ್ ಕಾಲದಲ್ಲಿ ಒಂದು ಪದ್ಧತಿ ಇತ್ತಂತೆ. ಎಲ್ಲರೂ ಬಿಳಿ ಬಟ್ಟೆ ಹಾಕುವ ಊರಿನಲ್ಲಿ ಅನ್ಯಾಯ ಆದವರು ಮಾತ್ರ ಬಣ್ಣದ ಬಟ್ಟೆ ಹಾಕಿಕೊಳ್ಳಬೇಕು, ಸುಲ್ತಾನ ಕಂಡ ಕೂಡಲೇ ಕರೆದು ವಿಚಾರಿಸುತ್ತಾನೆ. ಆ ಶುಕ್ರವಾರ ರಜಿಯಾ ಬಣ್ಣದ ಬಟ್ಟೆ ಉಟ್ಟು ಮಸೀದಿ ಪಕ್ಕದ ಹಳೆ ಅರಮನೆಯ ಮಾಳಿಗೆ ಹತ್ತಿ ನಿಂತಳಂತೆ. ನಮಾಜಿಗೆ ಸೇರಿದ್ದ ಜನಕ್ಕೆ ಅಪ್ಪನ ಹೆಸರು ನೆನಪಿಸಿ, ನನ್ನನ್ನೂ ಕೊಲ್ಲುತ್ತಾರೆ ಅಂತ ಹೇಳಿದಳಂತೆ. ಬಾಯಿಬಿಟ್ಟು ಕೂಗಬೇಕಾಗಿಯೂ ಇರಲಿಲ್ಲ ಅನ್ನಿಸುತ್ತದೆ ನನಗೆ, ಬಟ್ಟೆಯ ಬಣ್ಣವೇ ಹೇಳುತ್ತಿತ್ತು. ಆಮೇಲೆ ನಡೆದದ್ದನ್ನು ಆ ಕಾಲದವರೂ ಬರೆದಿದ್ದಾರೆ. ಜನ ಅರಮನೆಗೆ ನುಗ್ಗಿ ಷಾ ತುರ್ಕಾನಳನ್ನು ಹಿಡಿದರು. ಸೈನ್ಯದವರೂ ರಜಿಯಾ ಕಡೆ ಬಂದರು. ರುಕ್ನುದ್ದೀನ್ ಸೆರೆ ಸಿಕ್ಕಿ ಸತ್ತ. ಅವನ ಆಳ್ವಿಕೆ ಏಳು ತಿಂಗಳು ತುಂಬಲಿಲ್ಲ. 1236ರ ನವೆಂಬರ್‌ನಲ್ಲಿ ರಜಿಯಾ ಗಾದಿ ಏರಿದಳು.

ಅವಳನ್ನು ಗಾದಿಗೆ ತಂದದ್ದು ಅಮೀರರಲ್ಲ, ದಿಲ್ಲಿಯ ಜನ. ಮೇಷ್ಟ್ರು ಇದನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ ತೋರಿಸಿದರು. ದಂಗೆ ಎದ್ದಿದ್ದ ಆ ಪ್ರಾಂತ್ಯದವರಿಗೆ ಇದು ಸಿಟ್ಟು ತರಿಸಿತು. ನಮ್ಮನ್ನು ಕೇಳದೆ ಸುಲ್ತಾನ್ ಆಗುವುದು ಅಂದರೇನು ಅಂತ ಎಲ್ಲರೂ ದಿಲ್ಲಿ ಹತ್ತಿರ ಬಂದು ಬೀಡು ಬಿಟ್ಟರು. ಅವರನ್ನು ಬರೀ ಯುದ್ಧದಲ್ಲಿ ಸೋಲಿಸುವಷ್ಟು ಸೈನ್ಯ ಅವಳ ಹತ್ತಿರ ಇರಲಿಲ್ಲ. ಅವಳು ಏನು ಮಾಡಿದಳು ಗೊತ್ತಾ? ಬದಾಯೂಂನ ಸಾಲಾರಿ, ಮುಲ್ತಾನಿನ ಕಬೀರ್ ಖಾನ್ ಇಬ್ಬರನ್ನೂ ಗುಟ್ಟಾಗಿ ತನ್ನ ಕಡೆ ಎಳೆದುಕೊಂಡಳು. ಉಳಿದವರನ್ನು ಹಿಡಿದು ಕೊಡುವುದು ಅಂತ ಮಾತಾಯಿತು. ಉಳಿದವರಿಗೆ ಈ ಸುದ್ದಿ ಮುಟ್ಟಿದ ಕೂಡಲೇ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಯಿತು, ದಿಕ್ಕಾಪಾಲಾಗಿ ಓಡಿದರು. ಬೆನ್ನಟ್ಟಿದ ಸವಾರರ ಕೈಗೆ ಸಿಕ್ಕಿ ಕೆಲವರು ಸತ್ತರು. ವಜೀರ ಜುನೈದಿ ಸಿರ್ಮೂರ್ ಬೆಟ್ಟಕ್ಕೆ ಓಡಿಹೋಗಿ ಅಲ್ಲೇ ಸತ್ತ. ನಮ್ಮ ಕಬಡ್ಡಿ ಟೀಮಿನಲ್ಲೂ ಎದುರಿನವರು ಜಗಳ ಆಡಿಕೊಂಡಾಗಲೇ ನಾವು ಗೆಲ್ಲುವುದು.

ಅವಳನ್ನು ಎಲ್ಲರೂ ರಜಿಯಾ ಸುಲ್ತಾನಾ ಅನ್ನುತ್ತಾರೆ. ಸುಲ್ತಾನಾ ಅಂದರೆ ಸುಲ್ತಾನನ ಹೆಂಡತಿ ಅಂತಲೂ ಅರ್ಥ ಆಗುತ್ತದೆ. ಆದರೆ ಅವಳ ನಾಣ್ಯದ ಮೇಲೆ ಇರುವುದು ಸುಲ್ತಾನ್ ಅಂತ. ಅವಳು ಯಾರ ಹೆಂಡತಿಯಾಗಿಯೂ ಗಾದಿ ಮೇಲೆ ಕೂತವಳಲ್ಲ. ಅದಕ್ಕೇ ನಾನು ಮೇಲೆ ಹಾಗೆ ಬರೆದದ್ದು, ಕಾಗುಣಿತ ತಪ್ಪಲ್ಲ.

ಮೊದಲು ಮೊದಲು ಅವಳು ದರ್ಬಾರಿನಲ್ಲಿ ಪರದೆ ಹಿಂದೆ ಕೂರುತ್ತಿದ್ದಳು. ಪರದೆ ಹಿಂದಿನಿಂದ ಕೊಟ್ಟ ಅಪ್ಪಣೆ ಪರದೆ ಮುಂದೆ ನಿಂತವರ ಬಾಯಿಂದಲೇ ಹೊರಗೆ ಹೋಗಬೇಕಲ್ಲ. ನಮ್ಮ ಮನೆಗೆ ಟಪಾಲು ಬಂದರೆ ಓದಿ ಹೇಳುವವರು ಹೇಳಿದ್ದೇ ಸುದ್ದಿ ಅಂತ ಅಜ್ಜಿ ನಂಬುವ ಹಾಗೆ. ಸ್ವಲ್ಪ ಕಾಲ ಆದ ಮೇಲೆ ಅವಳು ಪರದೆ ತೆಗೆಸಿದಳು. ಹೆಂಗಸರ ಉಡುಪು ಬಿಟ್ಟು ಕಬಾ ಅನ್ನುವ ನಿಲುವಂಗಿ, ಕುಲಾಹ್ ಅನ್ನುವ ಟೋಪಿ ಹಾಕಿಕೊಂಡಳು. ದರ್ಬಾರಿನಲ್ಲಿ ಎಲ್ಲರ ಎದುರಿಗೆ ಕೂತಳು. ಆನೆ ಮೇಲೆ ಕೂತು ಊರೊಳಗೆ ಹೊರಟರೆ ಜನ ಅವಳ ಮುಖವನ್ನು ನೇರ ನೋಡಬಹುದಿತ್ತು.

ಅವಳ ಆಳ್ವಿಕೆಯ ಬಗ್ಗೆ ನಮಗೆ ತಿಳಿದಿರುವುದು ಹೆಚ್ಚಾಗಿ ಮಿನ್ಹಾಜ್ ಅನ್ನುವವನಿಂದ. ಅವನು ಅದೇ ಕಾಲದವನು, ಅವಳಿಂದಲೇ ದಿಲ್ಲಿಯ ನಾಸಿರಿಯಾ ಮದರಸಾದ ಜವಾಬ್ದಾರಿ ಪಡೆದವನು. ತಬಕಾತೆ ನಾಸಿರಿ ಅನ್ನುವ ಅವನ ಗ್ರಂಥ 1260ರಲ್ಲಿ ಮುಗಿಯಿತು. ರಜಿಯಾ ಬುದ್ಧಿವಂತೆ, ನ್ಯಾಯವಂತೆ, ವಿದ್ವಾಂಸರಿಗೆ ಆಸರೆ ಕೊಟ್ಟವಳು, ಪ್ರಜೆಗಳನ್ನು ಸಾಕಿದವಳು, ಸೈನ್ಯ ನಡೆಸಬಲ್ಲವಳು ಅಂತ ಒಳ್ಳೆಯ ಗುಣಗಳನ್ನೆಲ್ಲಾ ಎಣಿಸಿ ಬರೆದಿದ್ದಾನೆ. ಎಲ್ಲಾ ಎಣಿಸಿಬಿಟ್ಟು, ಗಂಡಾಗಿ ಹುಟ್ಟಲಿಲ್ಲವಲ್ಲ, ಇಷ್ಟೆಲ್ಲಾ ಇದ್ದು ಏನು ಬಂತು ಅಂತ ಸೇರಿಸಿದ್ದಾನೆ. ಅವಳ ಉಪ್ಪು ತಿಂದವನೇ ಹೀಗೆ ಬರೆದರೆ ಬೇರೆಯವರನ್ನು ಏನು ಹೇಳೋದು?

ಅವಳು ಮಾಡಿದ ಒಂದು ಜಾಣತನ ಹೇಳುತ್ತೇನೆ. ಆಗ ಮಂಗೋಲರ ಭಯ ಇತ್ತು. ಚೆಂಗೀಸ್ ಖಾನನ ಕಡೆಯವರು ಅಂದರೆ ಗೊತ್ತಲ್ಲ, ಹಾದಿಯ ಊರುಗಳನ್ನೆಲ್ಲಾ ಬೂದಿ ಮಾಡುತ್ತಿದ್ದರು. ಅವರ ಕೈಲಿ ಪೆಟ್ಟು ತಿಂದ ಘಜನಿ ಕಡೆಯ ಒಬ್ಬ ಸರದಾರ, ನಾವಿಬ್ಬರೂ ಸೇರಿ ಹೋರಾಡೋಣ ಅಂತ ಹೇಳಿಕಳಿಸಿ ಮಗನನ್ನೇ ದಿಲ್ಲಿಗೆ ಕಳಿಸಿದ. ರಜಿಯಾ ಹುಡುಗನನ್ನು ಮರ್ಯಾದೆಯಿಂದ ಇಟ್ಟುಕೊಂಡಳು, ಅವನ ಖರ್ಚಿಗೆ ಬರನ್ ಪ್ರಾಂತ್ಯದ ಉತ್ಪನ್ನ ಕೊಟ್ಟಳು, ಯುದ್ಧಕ್ಕೆ ಮಾತ್ರ ಸೇರಲಿಲ್ಲ. ಅಪ್ಪನೂ ಹಿಂದೆ ಹೀಗೇ ಮಾಡಿ ದಿಲ್ಲಿಯನ್ನು ಉಳಿಸಿದ್ದ. ಅವಳು ಇರುವ ತನಕ ಮಂಗೋಲರು ದಿಲ್ಲಿ ರಾಜ್ಯದ ಮೇಲೆ ಬೀಳಲಿಲ್ಲ. ಅವಳು ಸತ್ತ ಮರುವರ್ಷ, 1241ರ ಡಿಸೆಂಬರ್‌ನಲ್ಲಿ, ಲಾಹೋರನ್ನು ಹಾಳುಮಾಡಿದರು.

ಈಗ ಯಾಕೂತ್ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ದೊಡ್ಡ ಹುದ್ದೆಗಳೆಲ್ಲಾ ತುರ್ಕಿ ಅಮೀರರಿಗೇ ಅಂತ ಆಗಿಹೋಗಿತ್ತು. ರಜಿಯಾಗೆ ಅವರ ಮೇಲೆ ನಂಬಿಕೆ ಇರಲಿಲ್ಲ, ಇರುವುದಕ್ಕೆ ಕಾರಣವೂ ಇರಲಿಲ್ಲ. ಅವಳು ಹೊರಗಿನವರನ್ನು ಮೇಲೆ ತರಲು ನೋಡಿದಳು. ಜಮಾಲುದ್ದೀನ್ ಯಾಕೂತ್ ಅನ್ನುವವನನ್ನು ಅಮೀರೆ ಆಖೂರ್ ಮಾಡಿದಳು, ಅಂದರೆ ಸುಲ್ತಾನರ ಕುದುರೆ ಲಾಯಕ್ಕೆಲ್ಲಾ ಯಜಮಾನ. ಯುದ್ಧವೆಲ್ಲಾ ಕುದುರೆ ಮೇಲೇ ನಡೆಯುವ ಕಾಲದಲ್ಲಿ ಇದು ಸಣ್ಣ ಕೆಲಸ ಅಲ್ಲ. ಯಾಕೂತ್ ಹಬ್ಷಿ, ಅಂದರೆ ಆಫ್ರಿಕಾದ ಅಬಿಸೀನಿಯಾದವನು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಇರುವ ಸಿದ್ದಿ ಜನರ ಹಿರಿಯರೂ ಆಫ್ರಿಕಾದಿಂದಲೇ ಬಂದವರು. ನಮ್ಮ ಸಾಲಿನಲ್ಲಿ ಒಬ್ಬ ಹಬ್ಷಿಯೇ ಅಂತ ತುರ್ಕಿಗಳ ಹೊಟ್ಟೆ ಉರಿಯಿತು.

ಆಮೇಲೆ ಮಾತು ಹುಟ್ಟಿತು. ಅವಳು ಕುದುರೆ ಹತ್ತುವಾಗ ಯಾಕೂತ್ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದ ಅಂತ. ಸಿನಿಮಾದಲ್ಲೂ ಇದನ್ನೇ ದೊಡ್ಡದು ಮಾಡಿ ಪ್ರೇಮಕಥೆ ಮಾಡಿದ್ದಾರಂತೆ. ನಾನು ಮೇಷ್ಟ್ರ ಪುಸ್ತಕದಲ್ಲಿ ಈ ಮಾತು ಎಲ್ಲಿಂದ ಬಂತು ಅಂತ ಹುಡುಕಿದೆ. ಆ ಕಾಲದಲ್ಲೇ ದಿಲ್ಲಿಯಲ್ಲಿದ್ದ ಮಿನ್ಹಾಜ್ ಇದನ್ನು ಬರೆದಿಲ್ಲ. ಯಾಕೂತ್‌ಗೆ ಸುಲ್ತಾನ್ ಹತ್ತಿರ ಸಲಿಗೆ ಸಿಕ್ಕಿತು, ಅದರಿಂದ ತುರ್ಕಿ ಅಮೀರರಿಗೆ ಸಿಟ್ಟು ಬಂತು ಅಂತ ಮಾತ್ರ ಬರೆದಿದ್ದಾನೆ. ಕೈ ಕೊಟ್ಟ ಮಾತು ಬರುವುದು ಇಸಾಮಿ ಅನ್ನುವ ಕವಿಯಲ್ಲಿ. ಅವನು ಬರೆದದ್ದು 1350ರಲ್ಲಿ, ರಜಿಯಾ ಸತ್ತು 110 ವರ್ಷ ಆದ ಮೇಲೆ. ಎಲ್ಲಿ ಗೊತ್ತಾ? ದಕ್ಷಿಣದಲ್ಲಿ, ಗುಲ್ಬರ್ಗಾವನ್ನು, ಅಂದರೆ ಈಗಿನ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯದ ಮೊದಲನೇ ಸುಲ್ತಾನನಿಗಾಗಿ. ಹೆಂಗಸು ಚರಕ ಹಿಡಿದು ನೂಲುತ್ತಾ ಕೂತರೇ ಚೆಂದ, ರಾಜ್ಯ ಅವಳಿಗೆ ಯಾಕೆ ಅಂತಲೂ ಅದೇ ಗ್ರಂಥದಲ್ಲಿ ಬರೆದಿದ್ದಾನೆ. ತಮಾಷೆ ಏನೆಂದರೆ, ನಮ್ಮ ದೇಶದಲ್ಲಿ ಚರಕ ಇತ್ತು ಅನ್ನುವುದಕ್ಕೆ ಇತಿಹಾಸಕಾರರು ಮೊದಲ ಸಾಕ್ಷಿಯಾಗಿ ತೋರಿಸುವುದು ಅವನ ಈ ಬೈಗುಳವನ್ನೇ. ಆಮೇಲೆ ಫೆರಿಶ್ತಾ. ಅವನು 1600ರ ನಂತರ ನಮ್ಮ ಬಿಜಾಪುರದಲ್ಲಿ ಆದಿಲ್‌ಶಾಹಿ ಸುಲ್ತಾನನ ಆಶ್ರಯದಲ್ಲಿ ಇತಿಹಾಸ ಬರೆದವನು. ಅವನೂ ಅದೇ ಕುದುರೆ ಮಾತನ್ನು ತನ್ನ ಪುಸ್ತಕಕ್ಕೆ ಹಾಕಿಕೊಂಡ. ದಿಲ್ಲಿಯಲ್ಲಿ ಹುಟ್ಟಿದ ಮಾತು ನಮ್ಮ ಕಡೆಗೆ ನಡೆದು ಬಂದು, ಇಲ್ಲಿ ಶಾಯಿಯಲ್ಲಿ ಗಟ್ಟಿಯಾಗಿ, ಮತ್ತೆ ದೇಶ ಸುತ್ತಿತು.

ಕುದುರೆ ಲಾಯದ ಯಜಮಾನ ಕುದುರೆ ಹತ್ತುವಾಗ ಹತ್ತಿರ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು? ಗಂಡಸು ಸುಲ್ತಾನನ ಪಕ್ಕದಲ್ಲೂ ಅವನು ಅಲ್ಲೇ ನಿಲ್ಲುತ್ತಿದ್ದ. ಆಗ ಯಾರೂ ಏನೂ ಅನ್ನುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಹೆಸರು ಬರೆಯುವುದಿಲ್ಲ. ಹೈಸ್ಕೂಲು ದೂರ ಅಂತ ಅವರ ಅಪ್ಪ ಹಳೆ ಸೈಕಲ್ ತಂದುಕೊಟ್ಟಿದ್ದರು. ಅವಳು ಕೆರೆ ಏರಿ ಮೇಲೆ ಸೈಕಲ್ ಕಲಿಯುವಾಗ ಬೀಳಬಾರದು ಅಂತ ಒಬ್ಬ ಅಣ್ಣ ಹಿಂದಿನಿಂದ ಸೀಟು ಹಿಡಿದಿದ್ದ. ನಾನೂ ಅಲ್ಲೇ ಇದ್ದೆ, ಇನ್ನೊಂದು ಕಡೆ ನಾನೇ ಹಿಡಿದಿದ್ದೆ. ಅರಳಿಕಟ್ಟೆಯಲ್ಲಿ ಆ ಅಣ್ಣ ಹಿಡಿದದ್ದು ಮಾತ್ರ ಸುದ್ದಿಯಾಯಿತು, ನಾನು ಹಿಡಿದದ್ದು ಯಾರಿಗೂ ಕಾಣಲಿಲ್ಲ. ಈಗ ಸೈಕಲ್ ಅಟ್ಟದ ಮೇಲಿದೆ. ಅವಳು ನಡೆದೇ ಹೋಗುತ್ತಾಳೆ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಹೋಗುವುದೇ ಇಲ್ಲ. ಬರುವ ವರ್ಷ ನಾನೂ ಅದೇ ದಾರಿಯಲ್ಲಿ ಹೋಗಬೇಕು. ರಜಿಯಾ ವಿಷಯ ಬಿಟ್ಟು ಎಲ್ಲಿಗೋ ಹೋದೆ, ಮುಂದಕ್ಕೆ ಹೇಳುತ್ತೇನೆ.

ಅವಳು ತಪ್ಪೇ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ತುರ್ಕಿಗಳಲ್ಲೇ ಕೆಲವರನ್ನು ನಂಬಿ ಮೇಲೆ ತಂದಳು. ಐತಿಗಿನ್ ಅನ್ನುವವನನ್ನು ಅಮೀರೆ ಹಾಜಿಬ್ ಮಾಡಿದಳು, ಅಂದರೆ ಅವನ ಮೂಲಕವೇ ಎಲ್ಲರೂ ಸುಲ್ತಾನರನ್ನು ಕಾಣಬೇಕು. ಅಲ್ತೂನಿಯಾ ಅನ್ನುವವನಿಗೆ ಮೊದಲು ಬರನ್, ಆಮೇಲೆ ಭಟಿಂಡಾ ಕೊಟ್ಟಳು. ಇಬ್ಬರೂ ಒಳಗೊಳಗೇ ಒಂದಾದರು. ಆದರೆ ದಿಲ್ಲಿಯೊಳಗೆ ಅವಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮುಟ್ಟಿದರೆ ಜನ ಏನು ಮಾಡುತ್ತಾರೆ ಅಂತ ಷಾ ತುರ್ಕಾನಳ ಗತಿಯಲ್ಲಿ ನೋಡಿದ್ದರು. ಅವಳು ಊರು ಬಿಟ್ಟು ಹೊರಗೆ ಬರುವುದನ್ನೇ ಕಾಯುತ್ತಿದ್ದರು.

ಮೊದಲು ಲಾಹೋರಿನಲ್ಲಿ ಕಬೀರ್ ಖಾನ್ ತಿರುಗಿ ಬಿದ್ದ, ಹಿಂದೆ ಅವಳ ಕಡೆ ಸೇರಿದ್ದವನೇ. ರಜಿಯಾ ತಾನೇ ಸೈನ್ಯ ತೆಗೆದುಕೊಂಡು ಹೋದಳು. ಅವನು ಓಡಿದ. ಚೀನಾಬ್ ನದಿಯ ಆಚೆ ಮಂಗೋಲರು, ಈಚೆ ರಜಿಯಾ. ಬಂದು ಶರಣಾದ. ಗೆದ್ದು 1240ರ ಏಪ್ರಿಲ್ ಮೊದಲ ವಾರ ದಿಲ್ಲಿಗೆ ವಾಪಸು ಬಂದಳು. ಕಾಲಿನ ಧೂಳು ತೊಳೆದುಕೊಳ್ಳುವಷ್ಟರಲ್ಲಿ ಭಟಿಂಡಾದಲ್ಲಿ ಅಲ್ತೂನಿಯಾ ದಂಗೆ ಎದ್ದ ಸುದ್ದಿ. ಅದು ರಂಜಾನ್ ತಿಂಗಳು, ಬಿಸಿಲು, ಸೈನಿಕರಿಗೆ ಉಪವಾಸ, ದಣಿವು. ಆದರೂ ಹೊರಟಳು. ಇದು ದುಡುಕು ಅಂತ ಮೇಷ್ಟ್ರು ಹೇಳುತ್ತಾರೆ. ಹೊರಡದಿದ್ದರೆ ಹೆದರಿದಳು ಅನ್ನುತ್ತಿದ್ದರು ಅಂತ ನಾನು ಹೇಳಿದೆ.

ಭಟಿಂಡಾ ತಲುಪಿದಾಗ ಅವಳ ಜೊತೆಯಲ್ಲೇ ಬಂದಿದ್ದ ತುರ್ಕಿ ಅಮೀರರು ಯಾಕೂತ್‌ನನ್ನು ಕೊಂದರು. ಅವಳನ್ನು ಹಿಡಿದು ಅಲ್ತೂನಿಯಾ ಕೈಗೆ ಒಪ್ಪಿಸಿದರು. ಕೋಟೆಯೊಳಗೆ ಸೆರೆ. ಇತ್ತ ದಿಲ್ಲಿಯಲ್ಲಿ ಅವಳ ತಮ್ಮ ಬಹರಾಮ್‌ನನ್ನು ಗಾದಿಗೆ ಕೂರಿಸಿದರು. ಬಹರಾಮ್ ಹೆಸರಿಗೆ ಸುಲ್ತಾನ, ಅಧಿಕಾರವೆಲ್ಲಾ ಐತಿಗಿನ್‌ಗೆ ಅಂತ ಕರಾರು. ಅವರಿಗೆ ಬೇಕಾಗಿದ್ದದ್ದು ಇದೇ. ಅವಳು ಆಳಿದ್ದು 3 ವರ್ಷ 6 ತಿಂಗಳು 6 ದಿನ ಅಂತ ಮಿನ್ಹಾಜ್ ದಿನ ಲೆಕ್ಕ ಹಾಕಿ ಬರೆದಿದ್ದಾನೆ.

ಅಲ್ತೂನಿಯಾಗೆ ಮಾತ್ರ ಏನೂ ಸಿಗಲಿಲ್ಲ. ಹುದ್ದೆಗಳನ್ನೆಲ್ಲಾ ದಿಲ್ಲಿಯಲ್ಲಿದ್ದವರೇ ಹಂಚಿಕೊಂಡರು. ಬಹರಾಮ್ ಕೆಲವೇ ತಿಂಗಳಲ್ಲಿ ಐತಿಗಿನ್‌ನನ್ನು ಕೊಲ್ಲಿಸಿದ. ಅಲ್ತೂನಿಯಾ ಕೋಟೆಯಲ್ಲಿ ತನ್ನ ಸೆರೆಯಾಳಾಗಿದ್ದ ರಜಿಯಾಳನ್ನೇ ಮದುವೆಯಾದ. ಇದು ಪ್ರೀತಿಯ ಮದುವೆ ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೆ ಅವಳ ಹೆಸರು ಬೇಕಾಗಿತ್ತು, ಅವಳಿಗೆ ಕೋಟೆಯಿಂದ ಹೊರಗೆ ಬರುವ ಬಾಗಿಲು ಬೇಕಾಗಿತ್ತು. ಇಬ್ಬರೂ ಸೈನ್ಯ ಕೂಡಿಸಿ ದಿಲ್ಲಿಗೆ ಹೊರಟರು. 1240ರ ಅಕ್ಟೋಬರ್‌ನಲ್ಲಿ ಸೋತರು. ಹಿಂದಕ್ಕೆ ಬರುವ ದಾರಿಯಲ್ಲಿ ಕೈಥಲ್ ಹತ್ತಿರ ಸೈನಿಕರು ಬಿಟ್ಟು ಓಡಿದರು. ಅಲ್ಲೇ ಇಬ್ಬರೂ ಸ್ಥಳೀಯರ ಕೈಗೆ ಸಿಕ್ಕಿ ಸತ್ತರು.

ಅವಳ ಸಾವಿನ ಬಗ್ಗೆ ಇಬ್ನ್ ಬತೂತ ಕೇಳಿ ಬರೆದ ಕಥೆ ಬೇರೆ ಇದೆ. ಅವಳು ಒಬ್ಬಳೇ ಹಸಿದು ಅಲೆಯುತ್ತಾ ಹೊಲ ಉಳುತ್ತಿದ್ದ ರೈತನ ಹತ್ತಿರ ತಿನ್ನಲು ಕೇಳಿದಳಂತೆ. ಅವನು ಒಂದು ತುಂಡು ರೊಟ್ಟಿ ಕೊಟ್ಟ. ತಿಂದು ಅಲ್ಲೇ ಮಲಗಿದಳು. ಗಂಡಸರ ಬಟ್ಟೆ ಹಾಕಿದ್ದಳು, ಮಲಗಿದಾಗ ಮೇಲಂಗಿಯ ಕೆಳಗೆ ಚಿನ್ನದ ಕಸೂತಿಯ ಬಟ್ಟೆ ಕಂಡಿತು. ಹೆಂಗಸು ಅಂತ ತಿಳಿದು ಅವನು ಕೊಂದು ಹೊಲದಲ್ಲಿ ಹೂತು, ಬಟ್ಟೆ ಮಾರಲು ಸಂತೆಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಇದನ್ನು ಅಜ್ಜಿಗೆ ಓದಿ ಹೇಳಿದೆ. ರೊಟ್ಟಿ ಕೊಟ್ಟ ಕೈಯೇ ಹಂಗೆ ಮಾಡೋದಾ, ರೊಟ್ಟಿ ಕೊಟ್ಟವನು ಬೇರೆ, ಕೊಂದವನು ಬೇರೆ ಇರಬೇಕು ಅಂದಳು ಅಜ್ಜಿ. ಆ ಕಥೆಯನ್ನು ಪೂರಾ ನಂಬಬೇಕಾಗಿಲ್ಲ, ಅದು ನೂರು ವರ್ಷ ಬಾಯಿಂದ ಬಾಯಿಗೆ ಬಂದದ್ದು.

ಈಗ ಪಾಠದ ಮೂರನೇ ಸಾಲಿಗೆ ವಾಪಸು ಬರುತ್ತೇನೆ. ಹೆಂಗಸು ಅಂತ ಇಳಿಸಿದರು ಅನ್ನುವುದು. ಅವಳ ನಂತರ ಬಂದವರೆಲ್ಲಾ ಗಂಡಸರೇ ತಾನೇ, ಅವರಿಗೆ ಏನಾಯಿತು ಅಂತ ನೋಡಿದೆ. ಬಹರಾಮ್ ಎರಡು ವರ್ಷ ಕೂತ. ಐತಿಗಿನ್‌ನನ್ನು ಕೊಲ್ಲಿಸಿ ತಾನೇ ಆಳಲು ನೋಡಿದ. 1242ರಲ್ಲಿ ಅವನ ಸೈನ್ಯವೇ ದಿಲ್ಲಿಗೆ ಮುತ್ತಿಗೆ ಹಾಕಿ ಅವನನ್ನು ಕೊಂದಿತು. ಆಮೇಲೆ ರುಕ್ನುದ್ದೀನ್‌ನ ಮಗ ಮಸೂದ್. ಅವನು ನಾಲ್ಕು ವರ್ಷ, 1246ರಲ್ಲಿ ಹಿಡಿದು ಸೆರೆಗೆ ಹಾಕಿದರು, ಅಲ್ಲೇ ಸತ್ತ. ಅವರು ಸೀರೆ ಉಟ್ಟಿರಲಿಲ್ಲ, ಅವರ ಪಕ್ಕದಲ್ಲಿ ಯಾಕೂತ್ ಇರಲಿಲ್ಲ. ಆದರೂ ಇಳಿಸಿದರು. ಆಮೇಲೆ ಬಂದ ನಾಸಿರುದ್ದೀನ್ ಮಹಮೂದ್, ಸತ್ತುಹೋದ ಅಣ್ಣನ ಹೆಸರನ್ನೇ ಇಟ್ಟುಕೊಂಡಿದ್ದವನು, 20 ವರ್ಷ ಇದ್ದ. ಯಾಕಂದ್ರೆ ಅವನು ಸುಮ್ಮನೆ ಕೂತಿದ್ದ, ರಾಜ್ಯಭಾರವನ್ನು ಬಲ್ಬನ್ ಅನ್ನುವ ಅಮೀರ ಮಾಡುತ್ತಿದ್ದ. ಈ ಬಲ್ಬನ್ ರಜಿಯಾ ಕಾಲದಲ್ಲಿ ಅವಳ ಬೇಟೆಯ ಅಧಿಕಾರಿಯಾಗಿದ್ದವನು. 1266ರಲ್ಲಿ ತಾನೇ ಸುಲ್ತಾನನಾಗಿ ಆ ಕೂಟವನ್ನು ಒಬ್ಬೊಬ್ಬರನ್ನಾಗಿ ಮುರಿದು ಹಾಕಿದ. ರಜಿಯಾ ಮಾಡಲು ಹೊರಟಿದ್ದನ್ನೇ ಅವನು ಮಾಡಿದ್ದು. ಅವನಿಗೆ ಅಷ್ಟರಲ್ಲಿ ವಯಸ್ಸಾಗಿತ್ತು, ಅನುಭವ ಇತ್ತು, ಕೈಯಲ್ಲಿ ಸೈನ್ಯ ಇತ್ತು.

ಹಾಗಾದರೆ ಅವಳನ್ನು ಇಳಿಸಿದ್ದು ಅವಳು ತಾನೇ ಆಳಿದ್ದಕ್ಕೆ. ಹೆಂಗಸು ಅನ್ನುವುದು ಅವರ ಕೈಗೆ ಸುಲಭವಾಗಿ ಸಿಕ್ಕ ಕೋಲು. ಮೇಷ್ಟ್ರು ಇದನ್ನು ಅರ್ಧ ಒಪ್ಪಿದ್ದಾರೆ. ಹೆಂಗಸು ಅಲ್ಲದಿದ್ದರೆ ಆ ಕೋಲು ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲವಲ್ಲ ಅಂತ ಅವರು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರಾದರೂ ಕೆಳಗಿನ ಖಾಲಿ ಜಾಗದಲ್ಲಿ ಬರೆಯಬಹುದು, ಹೆಸರು ಹಾಕಿ ಬರೆಯಿರಿ.

ಇಬ್ನ್ ಬತೂತ ಬಂದಾಗ ಯಮುನಾ ನದಿ ದಡದಲ್ಲಿದ್ದ ಅವಳ ಗೋರಿಗೆ ಜನ ಭಕ್ತಿಯಿಂದ ಬಂದು ಹೋಗುತ್ತಿದ್ದರಂತೆ. ಹಳೆ ದಿಲ್ಲಿಯಲ್ಲಿ ತುರ್ಕಮಾನ್ ಗೇಟ್ ಅಂತ ಇದೆ. ಅಲ್ಲಿ ಬುಲ್ಬುಲಿ ಖಾನಾ ಅನ್ನುವ ಇಕ್ಕಟ್ಟಾದ ಓಣಿಗಳ ಒಳಗೆ, ಮನೆಗಳ ನಡುವೆ, ಒಂದು ಸಣ್ಣ ಅಂಗಳದಲ್ಲಿ ಎರಡು ಗೋರಿಗಳಿವೆ. ಒಂದು ರಜಿಯಾಳದು ಅನ್ನುತ್ತಾರೆ. ಕೈಥಲ್‌ನವರು ನಮ್ಮ ಊರಿನಲ್ಲೇ ಇದೆ ಅನ್ನುತ್ತಾರೆ. ಅಪ್ಪನ ಗೋರಿ ಕುತುಬ್ ಮಿನಾರ್ ಪಕ್ಕದಲ್ಲೇ ಇದೆ, ಗೋಡೆ ತುಂಬಾ ಕೆತ್ತನೆ, ಮಧ್ಯದಲ್ಲಿ ಅಮೃತಶಿಲೆ. ಅದರ ಮೇಲೆ ಈಗ ಗುಮ್ಮಟ ಇಲ್ಲ. ಮಗಳ ಗೋರಿಯ ಮೇಲೂ ಚಾವಣಿ ಇಲ್ಲ, ಬರೀ ಕಲ್ಲು.

ಪಕ್ಕದ ಚಿತ್ರ ನಾನೇ ಬಿಡಿಸಿದ್ದು. ಅವಳನ್ನು ನೋಡಿ ಬರೆದ ಚಿತ್ರ ಯಾವುದೂ ಉಳಿದಿಲ್ಲ, ಅದರಿಂದ ಮುಖ ನನಗೆ ತೋಚಿದ ಹಾಗೆ ಬರೆದಿದ್ದೇನೆ. ಆನೆ ಚೆನ್ನಾಗಿ ಬಂದಿದೆ. ಕೈಗೆ ಅಭ್ಯಾಸದ ಮೇಲೆ ಮೊದಲು ಬಳೆ ಬರೆದುಬಿಟ್ಟಿದ್ದೆ, ಆಮೇಲೆ ಅಳಿಸಿ ನಿಲುವಂಗಿಯ ತೋಳು ಉದ್ದ ಮಾಡಿದೆ. ಹತ್ತಿರ ಬಂದು ನೋಡಿದರೆ ಬಳೆಯ ಗುರುತು ಇನ್ನೂ ಕಾಣುತ್ತದೆ.